ದನದ ಡಾಕ್ಟರಾಗಲು ನಮ್ಮ ಮಕ್ಕಳು ಏಕೆ ಹಿಂಜರಿಯಬೇಕು?

ಪಿ.ಯು.ಸಿ. ಫಲಿತಾಂಶ ಹೊರಬಿದ್ದ ಅನಂತರದ ಭಾನುವಾರಗಳಲ್ಲಿ, ಬಲಿಪೂಜೆ ಮುಗಿದು ಜನರು ಇಗರ್ಜಿಯ ಅಂಗಳಕ್ಕೆ ಇಳಿಯುತ್ತಲೇ ಒಂದೇ ಪ್ರಶ್ನೆ ಬಾಯಿಂದ ಬಾಯಿಗೆ ಸಾಗುತ್ತದೆ. ಮಗನದು ಮುಂದೇನು? ಮಗಳನ್ನು ಯಾವುದಕ್ಕೆ ಸೇರಿಸುತ್ತೀರಿ? ಉತ್ತರಗಳೂ ಹೆಚ್ಚುಕಡಿಮೆ ಸಿದ್ಧವಾಗಿಯೇ ಇರುತ್ತವೆ: ಎಂಜಿನಿಯರಿಂಗ್, ನರ್ಸಿಂಗ್, ಇಲ್ಲವಾದರೆ ಬಿ.ಕಾಂ. ಮುಗಿಸಿ ಗಲ್ಫ್. ಅಂತಹದೇ ಒಂದು ಭಾನುವಾರ ನಮಗೆ ಪರಿಚಿತರಾದ ತಾಯಿಯೊಬ್ಬರು ಮಗಳ ಕೈಹಿಡಿದು ನಮ್ಮ ಬಳಿಗೆ ಬಂದರು. "ಮಾಸ್ಟ್ರೇ, ಇವಳಿಗೆ ನೀವಾದರೂ ಬುದ್ಧಿ ಹೇಳಿ. ದನದ ಡಾಕ್ಟರಾಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನಾಳೆ ಸಂಬಂಧ ನೋಡುವಾಗ ನಾವು ಏನೆಂದು ಹೇಳುವುದು?" ಎಂದು ಅಲವತ್ತುಕೊಂಡರು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಆದರೆ ಅದು ಒಪ್ಪಿಗೆಯ ತಲೆ ತಗ್ಗಿಸುವಿಕೆಯಲ್ಲ ಎಂಬುದು ನಮಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಆ ತಾಯಿಯ ಮಾತಿನಿಂದ ನಮಗೆ ಆಶ್ಚರ್ಯವಾಗಲಿಲ್ಲ. ಮನುಷ್ಯರಿಗೆ ಮದ್ದು ಕೊಡುವವನು ಡಾಕ್ಟರು, ಹಸುವಿಗೆ ಕೊಡುವವನು ಬರಿಯ 'ದನದ ಡಾಕ್ಟರು'. ಈ ಮಾತಿನಲ್ಲಿ ಅಡಗಿರುವ ತಾತ್ಸಾರ ನಮ್ಮ ಮನೆಗಳಲ್ಲಿ ಹಳೆಯದು. ವಿಚಿತ್ರವೆಂದರೆ ಇಂದು ಐವತ್ತು ದಾಟಿದ ನಮ್ಮವರಲ್ಲಿ ಎಷ್ಟೋ ಮಂದಿಯ ಶಾಲೆಯ ಫೀಸು ಹಟ್ಟಿಯ ಹಾಲಿನಿಂದಲೇ ಹುಟ್ಟಿದ್ದು. ಅಮ್ಮ ನಸುಕಿನಲ್ಲಿ ಹಾಲು ಕರೆದು ತಂಬಿಗೆಯಲ್ಲಿ ಸೊಸೈಟಿಗೆ ಕಳುಹಿಸಿದುದರ ಫಲವಾಗಿ ನಾವು ನಾಲ್ಕಕ್ಷರ ಕಲಿತೆವು. ಕಲಿತ ಬಳಿಕ ಹಟ್ಟಿಯ ವಾಸನೆ ನಮಗೆ ಆಗದಾಯಿತು.

ನಮ್ಮ ಬಾಲ್ಯದ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. ಮನೆಯಲ್ಲಿದ್ದ ಜೆರ್ಸಿ ಮಿಶ್ರತಳಿಯ ಹಸು ಮೂರನೆಯ ಕರು ಹಾಕಿದ ಮರುದಿನ ಬೆಳಗ್ಗೆ ನೆಲಕ್ಕೆ ಬಿದ್ದುಬಿಟ್ಟಿತು. ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ, ಕಣ್ಣು ಮಂಕಾಗಿ, ಕಿವಿಗಳು ತಣ್ಣಗಾಗಿ ಮಲಗಿತ್ತು. ದೃಷ್ಟಿ ತಾಗಿದೆಯೆಂದರು ಕೆಲವರು. ಅಜ್ಜಿ ಶುಂಠಿ, ಕರಿಮೆಣಸಿನ ಕಷಾಯ ಕಾಯಿಸಿ ಬಿದಿರಿನ ಗೊಟ್ಟದಲ್ಲಿ ಕುಡಿಸಲು ಅಣಿಯಾದರು. ಅಷ್ಟರಲ್ಲಿ ಪಶುವೈದ್ಯರು ಬಂದರು. ಮೊದಲು ಆ ಗೊಟ್ಟವನ್ನು ಅಜ್ಜಿಯ ಕೈಯಿಂದ ತೆಗೆದಿಟ್ಟರು. ಈ ಸ್ಥಿತಿಯಲ್ಲಿ ಹಸುವಿಗೆ ನುಂಗಲಾಗದು, ಕುಡಿಸಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ ಎಂದರು. ಬಳಿಕ ಒಂದು ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಕುತ್ತಿಗೆಯ ರಕ್ತನಾಳಕ್ಕೆ ಸೂಜಿ ಚುಚ್ಚಿ, ಎದೆಬಡಿತಕ್ಕೆ ಕಿವಿಗೊಟ್ಟು, ಅತಿ ನಿಧಾನವಾಗಿ ಔಷಧ ಇಳಿಸತೊಡಗಿದರು. ಬಾಟಲಿ ಮುಗಿಯುವ ಹೊತ್ತಿಗೆ ಹಸುವಿನ ಮೈ ನಡುಗಿತು. ತೇಗಿತು. ಸೆಗಣಿ ಹಾಕಿತು. ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಂತು ಕರುವನ್ನು ಹುಡುಕಿತು. ಅಜ್ಜಿ ಅಲ್ಲಿಯೇ ಶಿಲುಬೆಯ ಗುರುತು ಹಾಕಿದರು.

ಪವಾಡದಂತೆ ಕಂಡ ಅದು ಹಾಲುಜ್ವರ. ಜ್ವರವೆಂಬ ಹೆಸರಿದ್ದರೂ ಮೈ ಬಿಸಿಯಾಗುವುದಿಲ್ಲ, ತಣ್ಣಗಾಗುತ್ತದೆ. ಕರು ಹಾಕಿದ ಕೂಡಲೇ ಕೆಚ್ಚಲಿಗೆ ಹಾಲು ಧುಮುಕುವಾಗ ರಕ್ತದಲ್ಲಿರುವ ಕ್ಯಾಲ್ಸಿಯಂ ಒಮ್ಮೆಲೇ ಕುಸಿದು ಸ್ನಾಯುಗಳು ಸೋಲುತ್ತವೆ. ಕ್ಯಾಲ್ಸಿಯಂ ದ್ರಾವಣವೇ ಅದಕ್ಕೆ ಮದ್ದು. ಆದರೆ ಅವಸರದಿಂದ ಏರಿಸಿದರೆ ಅದೇ ಮದ್ದು ಹೃದಯವನ್ನು ನಿಲ್ಲಿಸಿಬಿಡುತ್ತದೆ. ಬಾಟಲಿ ಅಂಗಡಿಯಲ್ಲಿ ಸಿಗುತ್ತದೆ. ಎಷ್ಟು, ಎಷ್ಟು ನಿಧಾನ ಎಂಬ ತಿಳಿವಳಿಕೆ ಅಂಗಡಿಯಲ್ಲಿ ಸಿಗುವುದಿಲ್ಲ.

ಕೆಲವು ವರ್ಷಗಳ ಬಳಿಕ ಅದೇ ಹಟ್ಟಿಯಲ್ಲಿ ಇನ್ನೊಂದು ಹಸು ಕರು ಹಾಕಲಾರದೆ ರಾತ್ರಿಯಿಡೀ ನರಳಿತು. ಕರುವಿನ ತಲೆ ಒಳಗೇ ಹಿಂದಕ್ಕೆ ತಿರುಗಿತ್ತು. ಹತ್ತಿರದ ಆಸ್ಪತ್ರೆಯಲ್ಲಿ ಆಗ ವೈದ್ಯರಿರಲಿಲ್ಲ, ಹುದ್ದೆ ಖಾಲಿ. ಬೆಳಗಾಗುವಾಗ ತಾಯಿ ಕರು ಎರಡೂ ಇರಲಿಲ್ಲ. ತಂದೆಯವರು ಆ ದಿನ ಯಾರೊಡನೆಯೂ ಮಾತನಾಡಲಿಲ್ಲ. ಆ ಹಸುವಿನ ಮೇಲೆ ಸಾಲವಿತ್ತು ಎಂಬುದು ನಮಗೆ ತಿಳಿದದ್ದು ಆಮೇಲೆ.

ಈ ವೃತ್ತಿ ಹುಟ್ಟಿದ್ದೇ ಇಂತಹ ಸಂಕಟದಿಂದ. ಯುರೋಪಿನಲ್ಲಿ ದೊಡ್ಡರೋಗವೆಂಬ ಸಾಂಕ್ರಾಮಿಕ ಮಾರಿ ಜಾನುವಾರುಗಳ ಹಿಂಡುಹಿಂಡನ್ನೇ ನುಂಗುತ್ತಿದ್ದ ಕಾಲದಲ್ಲಿ, 1761ರಲ್ಲಿ, ಕ್ಲೋಡ್ ಬೂರ್ಜೆಲಾ ಎಂಬವರು ಫ್ರಾನ್ಸಿನ ಲಿಯೋನ್ ನಗರದಲ್ಲಿ ಜಗತ್ತಿನ ಮೊದಲ ಪಶುವೈದ್ಯ ವಿದ್ಯಾಲಯಕ್ಕೆ ಅಡಿಗಲ್ಲಾದರು. ನಮ್ಮ ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿದ್ದ ದಿನಗಳಲ್ಲಿ ಪ್ರಾಂತದ ಪಶುವೈದ್ಯ ಕಾಲೇಜು 1903ರಲ್ಲಿ ಆರಂಭವಾದದ್ದು ಮದರಾಸಿನಲ್ಲಿ. ಮೈಸೂರು ಸಂಸ್ಥಾನವು 1925ರಲ್ಲಿ ಹೆಬ್ಬಾಳದಲ್ಲಿ ಸೀರಂ ಸಂಸ್ಥೆಯನ್ನು ತೆರೆಯಿತು. 1958ರಲ್ಲಿ ಅಲ್ಲಿಯೇ ಪಶುವೈದ್ಯ ಕಾಲೇಜು ಬಂತು. ಇಷ್ಟೆಲ್ಲ ತಲೆಮಾರುಗಳ ದುಡಿಮೆಯ ಬಳಿಕ 2011ರಲ್ಲಿ ದೊಡ್ಡರೋಗವು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಸಿಡುಬಿನ ಬಳಿಕ ಮನುಷ್ಯನು ಜಗತ್ತಿನಿಂದ ಹೊರದಬ್ಬಿದ ಎರಡನೆಯ ರೋಗ ಅದು. ಸಿಡುಬಿನ ಕಥೆ ನಮ್ಮ ಮಕ್ಕಳ ಪಾಠಪುಸ್ತಕದಲ್ಲಿದೆ. ಈ ಕಥೆ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ.

ಇನ್ನು ವಿದ್ಯಾಭ್ಯಾಸದ ವಿಚಾರ. ಪಶುವೈದ್ಯನಾಗಲು ಪಡೆಯಬೇಕಾದ ಪದವಿಯನ್ನು ಬಿ.ವಿ.ಎಸ್ಸಿ. ಮತ್ತು ಎ.ಎಚ್. ಎನ್ನುತ್ತಾರೆ, ಅಂದರೆ ಪಶುವೈದ್ಯಕೀಯ ವಿಜ್ಞಾನ ಮತ್ತು ಪಶುಸಂಗೋಪನೆ. ಒಟ್ಟು ಅವಧಿ ಐದೂವರೆ ವರ್ಷ. ಅದರಲ್ಲಿ ಕೊನೆಯ ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಈ ವಿಷಯಗಳಲ್ಲಿ ಇಂಗ್ಲಿಷನ್ನೂ ಸೇರಿಸಿ ಸಾಮಾನ್ಯ ವರ್ಗದವರಿಗೆ ಶೇಕಡಾ 50 ಅಂಕಗಳು ಬೇಕು. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ದೇಶದ ಕಾಲೇಜುಗಳ ಶೇಕಡಾ 15ರಷ್ಟು ಸ್ಥಾನಗಳನ್ನು ಅಖಿಲ ಭಾರತ ಮಟ್ಟದಲ್ಲಿ ನೀಟ್ ಪರೀಕ್ಷೆಯ ಆಧಾರದ ಮೇಲೆ ಭಾರತೀಯ ಪಶುವೈದ್ಯಕೀಯ ಪರಿಷತ್ತು ತುಂಬಿಸುತ್ತದೆ. ರಾಜ್ಯದ ಪಾಲಿನ ಸ್ಥಾನಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಅರ್ಜಿ ಹಾಕಬೇಕು. ನಿಯಮಗಳು ವರ್ಷದಿಂದ ವರ್ಷಕ್ಕೆ ಸಣ್ಣಪುಟ್ಟ ಬದಲಾವಣೆ ಹೊಂದುವುದರಿಂದ ಆಯಾ ವರ್ಷದ ಕೈಪಿಡಿಯನ್ನು ಹೆತ್ತವರು ಮೊದಲಿನಿಂದ ಕೊನೆಯವರೆಗೆ ಓದುವುದು ಲೇಸು. ನೆರೆಮನೆಯವರ ಮಾತನ್ನು ನಂಬಿ ದಿನಾಂಕ ತಪ್ಪಿಸಿಕೊಂಡವರನ್ನು ನಾವು ಬಲ್ಲೆವು.

ಬೇಸಾಯಗಾರರ ಮಕ್ಕಳಿಗೆ ಇಲ್ಲಿ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಜಮೀನಿನ ದಾಖಲೆಪತ್ರಗಳ ಜೊತೆಗೆ ಒಂದು ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಗೊಬ್ಬರ, ಬೇಸಾಯದ ಸಲಕರಣೆ ಮುಂತಾದವನ್ನು ಗುರುತಿಸಿ ಹೇಳಬೇಕು. ಎರಡೆಕರೆ ಅಡಿಕೆ ತೋಟವಿದ್ದೂ ಉದ್ದಿನ ಬೀಜ ಯಾವುದು, ಹೆಸರು ಯಾವುದು ಎಂದು ತಿಳಿಯದ ಮಕ್ಕಳನ್ನು ಬೆಳೆಸಿರುವ ನಮಗೆ ಈ ಪರೀಕ್ಷೆ ತುಸು ಮುಜುಗರ ತರುವಂಥದ್ದು.

ರಾಜ್ಯದಲ್ಲಿ ಈ ಶಿಕ್ಷಣವನ್ನು ನೋಡಿಕೊಳ್ಳುವುದು ಬೀದರಿನಲ್ಲಿ ಕೇಂದ್ರವಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗ ಮೊದಲಾದೆಡೆ ಅದರ ಪಶುವೈದ್ಯ ಕಾಲೇಜುಗಳಿವೆ. ಕರಾವಳಿಯವರಿಗೆ ಶಿವಮೊಗ್ಗ, ಹಾಸನಗಳು ಹತ್ತಿರ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜೂ ಈಗ ಇದೇ ವಿಶ್ವವಿದ್ಯಾಲಯದ್ದಾದರೂ ಅಲ್ಲಿಯ ಪದವಿ ಬೇರೆ. ಎರಡನ್ನೂ ಒಂದೆಂದು ತಿಳಿದು ನಮ್ಮಲ್ಲಿ ವಿಚಾರಿಸಿದವರಿದ್ದಾರೆ. ಸರಕಾರಿ ಕಾಲೇಜುಗಳಾದುದರಿಂದ ಖಾಸಗಿ ವೈದ್ಯಕೀಯ ಕಾಲೇಜುಗಳಂತೆ ಮನೆ ಮಾರಿ ಶುಲ್ಕ ತುಂಬುವ ಪ್ರಮೇಯವಿಲ್ಲ. ಎಂ.ಬಿ.ಬಿ.ಎಸ್. ಸ್ಥಾನ ಕೈತಪ್ಪಿತೆಂದು ಎರಡು ವರ್ಷ ಮನೆಯಲ್ಲಿ ಕುಳಿತು ಮತ್ತೆ ಮತ್ತೆ ಪರೀಕ್ಷೆ ಬರೆಯುವ ಮಕ್ಕಳ ಹೆತ್ತವರು ಇದನ್ನು ಗಮನಿಸಬೇಕು. ಹಾಗೆಂದು ಸಿಗದುದರ ಬದಲಿಗೆ ಸಿಕ್ಕಿದ್ದು ಎಂದು ಇದಕ್ಕೆ ಸೇರಬೇಕೆಂದು ನಾವು ಹೇಳುತ್ತಿಲ್ಲ. ಹಾಗೆ ಸೇರಿದವರು ಮೊದಲ ವರ್ಷದಲ್ಲೇ ಸೊರಗುತ್ತಾರೆ.

ಏಕೆಂದರೆ ಓದು ಸುಲಭದ್ದಲ್ಲ. ಮನುಷ್ಯರ ವೈದ್ಯನು ಒಂದೇ ಬಗೆಯ ದೇಹವನ್ನು ಕಲಿತರೆ ಸಾಕು. ಇಲ್ಲಿ ಹಸು, ಎಮ್ಮೆ, ಆಡು, ಕುದುರೆ, ಹಂದಿ, ನಾಯಿ, ಕೋಳಿ ಎಲ್ಲವೂ ಬೇಕು. ಹಸುವಿನ ಹೊಟ್ಟೆಗೆ ನಾಲ್ಕು ಕೋಣೆಗಳು. ಕುದುರೆಗೆ ವಾಂತಿ ಮಾಡಲಾಗದು. ಕೋಳಿಗೆ ಹಲ್ಲಿಲ್ಲ, ಗಿಜ್ಜಲಿದೆ. ರೋಗಿಯು ತನಗೆ ಎಲ್ಲಿ ನೋಯುತ್ತದೆಂದು ಹೇಳುವುದಿಲ್ಲ. ಒಂದು ಉದಾಹರಣೆ ಕೊಡುತ್ತೇವೆ. ಹಸು ಮೇವನ್ನು ಅಗಿದು ನೋಡದೆ ನುಂಗುವ ಪ್ರಾಣಿ. ಹುಲ್ಲಿನ ಜೊತೆ ತಂತಿಯ ಚೂರೋ ಮೊಳೆಯೋ ಹೊಟ್ಟೆಗೆ ಹೋದರೆ ಅದು ಎರಡನೆಯ ಕೋಣೆಯಲ್ಲಿ ನಿಲ್ಲುತ್ತದೆ. ಆ ಕೋಣೆಗೂ ಹೃದಯಕ್ಕೂ ನಡುವೆ ಇರುವುದು ಕೆಲವೇ ಅಂಗುಲ. ತಂತಿ ಮುಂದಕ್ಕೆ ಚುಚ್ಚುತ್ತಾ ಹೋದಂತೆ ಹಸು ಬೆನ್ನು ಬಾಗಿಸಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುತ್ತದೆ, ಹಾಲು ಕಡಿಮೆಯಾಗುತ್ತದೆ. ಮನೆಯವರು ಅಜೀರ್ಣವೆಂದು ತಿಳಿಯುತ್ತಾರೆ. ಇಳಿಜಾರಿನ ಮೇಲೆ ಹಸುವನ್ನು ನಡೆಸಿ ನೋಡಿಯೇ ಹೃದಯದ ಅಪಾಯವನ್ನು ಊಹಿಸಬಲ್ಲವನು ಪಶುವೈದ್ಯ. ಇದಕ್ಕಾಗಿ ಹಸುವಿನ ಹೊಟ್ಟೆಯೊಳಗೆ ಅಯಸ್ಕಾಂತವನ್ನೇ ಇರಿಸುವ ಕ್ರಮವೂ ಉಂಟು.

ಇನ್ನು ಕೆಲಸದ ಶ್ರಮ. ಮನೆಯಲ್ಲಿ ನಾಯಿಮರಿಯನ್ನು ಮುದ್ದಿಸುವ ಮಗು ಪಶುವೈದ್ಯನಾಗಲು ಯೋಗ್ಯವೆಂದು ಹೆತ್ತವರು ತಿಳಿಯುವುದುಂಟು. ಪ್ರೀತಿ ಬೇಕು, ನಿಜ. ಆದರೆ ಕರು ಅಡ್ಡಬಿದ್ದಾಗ ಭುಜದ ತನಕ ತೋಳನ್ನು ಒಳಗೆ ಹಾಕಿ ಅರ್ಧ ಗಂಟೆ ಹೆಣಗಬೇಕು, ಒದೆ ತಿನ್ನಬೇಕು, ಸತ್ತ ಪ್ರಾಣಿಯನ್ನು ಕೊಯ್ದು ನೋಡಬೇಕು. ಗುಣವಾಗದ ನೋವಿನಲ್ಲಿರುವ ಪ್ರಾಣಿಗೆ ಕೊನೆಯ ಚುಚ್ಚುಮದ್ದು ಕೊಡುವ ತೀರ್ಮಾನವೂ ಅವರದೇ. ಸ್ವಂತ ಆರೋಗ್ಯದ ಎಚ್ಚರವೂ ಅಗತ್ಯ. ಹುಚ್ಚುನಾಯಿ ರೋಗದ ಲಸಿಕೆಯನ್ನು ಮುಂಚಿತವಾಗಿಯೇ ಹಾಕಿಸಿಕೊಳ್ಳಬೇಕು. ಗಬ್ಬ ಕಳಚಿದ ಹಸುವಿನಿಂದ ಕಂದುರೋಗ ವೈದ್ಯನಿಗೂ ಅಂಟಬಹುದಾದ್ದರಿಂದ ಬರಿಗೈಯಲ್ಲಿ ಮಾಸನ್ನು ಮುಟ್ಟುವಂತಿಲ್ಲ. ಹಟ್ಟಿಯ ಹೆಂಗಸರೂ ಇದನ್ನು ತಿಳಿದಿರಬೇಕೆಂದು ಪ್ರಸಂಗವಶಾತ್ ಹೇಳುತ್ತಿದ್ದೇವೆ.

ಹೀಗೆ ನೋಡಿದರೆ ಪಶುವೈದ್ಯನು ಕಾಯುವುದು ದನಗಳನ್ನು ಮಾತ್ರವಲ್ಲ. ನೆರಡಿ, ಹುಚ್ಚುನಾಯಿ ರೋಗ, ಇಲಿಜ್ವರ ಇವೆಲ್ಲ ಪ್ರಾಣಿಗಳಿಂದ ನಮಗೆ ಬರುವಂಥವು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳತೊಡಗಿದಾಗ ಬೆಳಕಿಗೆ ಬಂದ ಮಂಗನ ಕಾಯಿಲೆಯನ್ನು ಮಲೆನಾಡಿನವರು ಇಂದಿಗೂ ಮರೆತಿಲ್ಲ. ಹಂದಿಗಳನ್ನು ಕೊಲ್ಲುವ ಆಫ್ರಿಕದ ಹಂದಿಜ್ವರ ಮನುಷ್ಯರಿಗೆ ಅಂಟದಿದ್ದರೂ 2020ರಲ್ಲಿ ಅಸ್ಸಾಮಿನಲ್ಲಿ ಕಾಣಿಸಿಕೊಂಡು 2022ರಲ್ಲಿ ನೆರೆಯ ವಯನಾಡಿಗೂ ಬಂತು. ಹಬ್ಬದೂಟಕ್ಕೆ ಹಂದಿಮಾಂಸವಿಲ್ಲದಿದ್ದರೆ ಆಗದ ನಮ್ಮವರಿಗೆ, ಹಂದಿ ಸಾಕಿ ಬದುಕುವ ಕುಟುಂಬವೊಂದು ಒಂದೇ ವಾರದಲ್ಲಿ ಬರಿಗೈಯಾಗುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದೇ 2022ರಲ್ಲಿ ಚರ್ಮಗಂಟು ರೋಗ ದೇಶದಾದ್ಯಂತ ಹಬ್ಬಿದಾಗ ಹಟ್ಟಿಯಿಂದ ಹಟ್ಟಿಗೆ ನಡೆದು ಲಸಿಕೆ ಹಾಕಿದವರು ಯಾರು?

ವೈದ್ಯಕೆ ತಪ್ಪಿದರೆ ಏನಾಗಬಹುದೆಂಬುದಕ್ಕೂ ಒಂದು ಪಾಠ ನಮ್ಮ ದೇಶದಲ್ಲೇ ಇದೆ. ಡೈಕ್ಲೊಫೆನಾಕ್ ಎಂಬ ನೋವುನಿವಾರಕವನ್ನು ದನಗಳಿಗೆ ಧಾರಾಳವಾಗಿ ಕೊಡಲಾಗುತ್ತಿತ್ತು. ಆ ದನಗಳು ಸತ್ತಾಗ ಅವುಗಳನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಾ ಹೋಗಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಇಲ್ಲವಾದವು. 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆಯನ್ನು ನಿಷೇಧಿಸಲಾಯಿತು.

ಉದ್ಯೋಗ ಸಿಗುವುದೇ ಎಂಬುದು ಹೆತ್ತವರ ಮೊದಲ ಪ್ರಶ್ನೆ. ನಾವು ಅದನ್ನು ಇಷ್ಟು ತಡವಾಗಿ ಎತ್ತಿಕೊಂಡಿದ್ದೇವೆ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ 53 ಕೋಟಿ 57 ಲಕ್ಷಕ್ಕೂ ಮಿಕ್ಕಿ ಜಾನುವಾರುಗಳಿವೆ. ರಾಜ್ಯದ ಪಶುಪಾಲನಾ ಇಲಾಖೆಗೆ ಲೋಕಸೇವಾ ಆಯೋಗದ ಮೂಲಕ ನೇಮಕ ನಡೆಯುತ್ತದೆ. 2024ರಲ್ಲಿ 400 ಪಶುವೈದ್ಯಾಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆಯಲಾಗಿತ್ತು. ಆದರೆ ಇಂತಹ ನೇಮಕಗಳು ವರ್ಷಂಪ್ರತಿ ಬರುವಂಥವಲ್ಲ, ನಡುವೆ ಕಾಯಬೇಕಾಗುತ್ತದೆ ಎಂಬುದನ್ನು ಮುಚ್ಚಿಡಬಾರದು. ಕಾಯುವ ಕಾಲದಲ್ಲಿ ಹಾಲು ಒಕ್ಕೂಟಗಳು, ಕೋಳಿಸಾಕಣೆ ಮತ್ತು ಲಸಿಕೆಯ ಕಂಪೆನಿಗಳು, 1962 ಸಂಖ್ಯೆಗೆ ಕರೆ ಮಾಡಿದರೆ ಮನೆಬಾಗಿಲಿಗೆ ಬರುವ ಸಂಚಾರಿ ಚಿಕಿತ್ಸಾ ವಾಹನಗಳು, ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆಗಳು ಇವೆ. ಸೈನ್ಯದಲ್ಲಿ 1779ರಷ್ಟು ಹಳೆಯದಾದ ರಿಮೌಂಟ್ ಪಶುವೈದ್ಯ ದಳವಿದೆ. ಮೃಗಾಲಯಗಳಲ್ಲಿಯೂ ಆನೆ ಶಿಬಿರಗಳಲ್ಲಿಯೂ ಪಶುವೈದ್ಯರು ಬೇಕು, ಆದರೆ ಅಲ್ಲಿ ಹುದ್ದೆಗಳು ಬೆರಳೆಣಿಕೆಯಷ್ಟು. ಪೇಟೆಗಳಲ್ಲಿ ನಾಯಿ, ಬೆಕ್ಕುಗಳ ಚಿಕಿತ್ಸಾಲಯ ತೆರೆದು ಚೆನ್ನಾಗಿ ಸಂಪಾದಿಸುವವರಿದ್ದಾರೆ. ಹಳ್ಳಿಯಲ್ಲಿ ಖಾಸಗಿಯಾಗಿ ದುಡಿಯುವವನಿಗೆ ಅಷ್ಟು ಸಿಗದು. ರಾತ್ರಿ ಎರಡು ಗಂಟೆಗೆ ಕರೆಸಿಕೊಂಡು ಹಣಕ್ಕೆ 'ನಾಳೆ' ಎನ್ನುವವರೂ ನಮ್ಮ ವಾಳೆಗಳಲ್ಲೇ ಇದ್ದಾರೆ. ಯಾವ ದಾರಿ ಹಿಡಿದರೂ ಪಶುವೈದ್ಯ ಪರಿಷತ್ತಿನಲ್ಲಿ ನೋಂದಣಿ ಕಡ್ಡಾಯ. 1984ರ ಕಾಯಿದೆಯ ಪ್ರಕಾರ ನೋಂದಣಿಯಿಲ್ಲದವರು ಪಶುವೈದ್ಯ ವೃತ್ತಿ ನಡೆಸುವಂತಿಲ್ಲ.

ಪರದೇಶದ ಆಸೆ ನಮ್ಮವರಿಗೆ ಹುಟ್ಟಿನಿಂದಲೇ ಬಂದದ್ದು. ಇಲ್ಲಿಯ ಪದವಿಯಿಂದ ನೇರವಾಗಿ ಅಮೆರಿಕದಲ್ಲಾಗಲಿ ಇಂಗ್ಲೆಂಡಿನಲ್ಲಾಗಲಿ ವೃತ್ತಿ ಮಾಡಲಾಗದು. ಅಲ್ಲಿಯ ಅರ್ಹತಾ ಪರೀಕ್ಷೆಗಳನ್ನು ಹಂತಹಂತವಾಗಿ ದಾಟಬೇಕು. ಅದಕ್ಕೆ ವರ್ಷಗಳೂ ಹಣವೂ ಬೇಕು. ಏಜೆಂಟರು ಬೇರೆ ಹೇಳಿದರೆ ನಂಬಬೇಡಿ.

ಹೆಣ್ಣುಮಕ್ಕಳಿಗೆ ಇದು ಒಗ್ಗುವುದೇ ಎಂದು ಕೇಳುವವರಿಗೆ ಒಂದೇ ಮಾತು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯನ್ನು ಕುರಿಯನ್ನರ ಬಳಿಕ 1998ರಿಂದ ಮುನ್ನಡೆಸಿದ ಅಮೃತಾ ಪಟೇಲರು ಓದಿದ್ದು ಪಶುವೈದ್ಯಕೀಯ. ದನವನ್ನು ತೋಳ್ಬಲದಿಂದ ಯಾವ ಗಂಡಸೂ ಗೆಲ್ಲಲಾರ. ಹಗ್ಗ, ಕಟ್ಟುವ ಕ್ರಮ, ನಿಲ್ಲುವ ಜಾಗ ಇವು ಮುಖ್ಯ. ಇಷ್ಟಕ್ಕೂ ನಮ್ಮ ಮನೆಗಳಲ್ಲಿ ಹಟ್ಟಿಯನ್ನು ಇಷ್ಟು ಕಾಲ ನೋಡಿಕೊಂಡು ಬಂದವರು ಯಾರು?

ಆ ದಿನ ಇಗರ್ಜಿಯ ಅಂಗಳದಲ್ಲಿ ನಾವು ಹುಡುಗಿಗೆ ಬುದ್ಧಿ ಹೇಳಲಿಲ್ಲ. "ಬಾಯಿ, ಒಂದು ವಾರ ಇವಳನ್ನು ಹತ್ತಿರದ ಪಶು ಆಸ್ಪತ್ರೆಗೆ ಕಳುಹಿಸಿ. ಡಾಕ್ಟರರ ಅನುಮತಿ ಕೇಳೋಣ. ಸುಮ್ಮನೆ ನಿಂತು ನೋಡಲಿ. ಆಮೇಲೂ ಇದೇ ಮಾತು ಹೇಳಿದರೆ ನೀವು ತಡೆಯಬೇಡಿ" ಎಂದು ತಾಯಿಗೇ ಹೇಳಿದೆವು. ಈ ಸಲಹೆಯನ್ನು ನಾವು ಎಲ್ಲ ಹೆತ್ತವರಿಗೂ ಕೊಡುತ್ತೇವೆ. ಅಂಕಪಟ್ಟಿ ಹೇಳದ್ದನ್ನು ಆ ಒಂದು ವಾರ ಹೇಳುತ್ತದೆ. ಎರಡನೆಯ ದಿನ ಹುಡುಗಿಗೆ ತಲೆಸುತ್ತು ಬಂದು ಹೊರಗೆ ಕಲ್ಲಿನ ಮೇಲೆ ಕುಳಿತಳಂತೆ. ತಾಯಿಗೆ ಒಳಗೊಳಗೆ ಸಂತೋಷವಾಯಿತು. ಮೂರನೆಯ ದಿನ ಯಾರೂ ಎಬ್ಬಿಸದೆ ಎದ್ದು, ತಂದೆಯ ಹಳೆಯ ಗಂಬೂಟು ಮೆಟ್ಟಿಕೊಂಡು ಹೊರಟಳು.

ಈಗ ಆಕೆ ಮೊದಲ ವರ್ಷದ ವಿದ್ಯಾರ್ಥಿನಿ. ಮೊನ್ನೆ ಭಾನುವಾರ ತಾಯಿ ತಾವಾಗಿಯೇ ನಮ್ಮ ಬಳಿಗೆ ಬಂದರು. ಸಂಬಂಧದ ಮಾತು ಈ ಬಾರಿ ಬರಲಿಲ್ಲ. ಮಗಳು ರಜೆಯಲ್ಲಿ ಮನೆಗೆ ಬಂದವಳು ಚಹಾ ಕುಡಿಯುವ ಮೊದಲೇ ಹಟ್ಟಿಗೆ ಹೋಗಿ, ಕಳೆದ ಮಳೆಗಾಲದಲ್ಲಿ ಕೊಂಡ ಹಸುವಿನ ಬಾಯಿ ತೆರೆದು ಕೆಳಗಿನ ಮುಂದಿನ ಹಲ್ಲುಗಳನ್ನು ಎಣಿಸಿದಳಂತೆ. ಎಂಟೂ ಶಾಶ್ವತ ಹಲ್ಲುಗಳು, ಅದೂ ಸವೆದಿವೆ. ಮಾರಿದವನು ಅದನ್ನು ಮೊದಲ ಕರುವಿನ ಹಸುವೆಂದು ಹೇಳಿ ಹಣ ಎಣಿಸಿಕೊಂಡಿದ್ದ.

"ನೋಡಿ ಮಾಸ್ಟ್ರೇ," ಎಂದರು ತಾಯಿ, "ಇವಳು ಎರಡು ವರ್ಷ ಮೊದಲೇ ಸೇರಿದ್ದರೆ ನಮಗೆ ಅಷ್ಟು ಹಣ ಉಳಿಯುತ್ತಿತ್ತು."